ನೀರಿನಲ್ಲಿ ಕಲಿತ ಉಸಿರು

ಬಸಿರಿನೊಳಗಿದ್ದ ಮಗುವಿನ ಶ್ವಾಸಕೋಶ ದಿನವೂ ಸುತ್ತಲಿನ ನೀರನ್ನೇ ಒಳಗೆಳೆದು ಹೊರಗೆ ಬಿಡುತ್ತಿತ್ತು. ಅದನ್ನು ಕಂಡು ಹೊಕ್ಕುಳಬಳ್ಳಿ ನಕ್ಕಿತು.

"ಇಲ್ಲಿ ಗಾಳಿಯೇ ಇಲ್ಲ. ಮಗುವಿಗೆ ಬೇಕಾದದ್ದನ್ನೆಲ್ಲ ತಾಯಿಯಿಂದ ನಾನೇ ತಂದು ಕೊಡುತ್ತಿದ್ದೇನೆ. ನಿನಗೇಕೆ ಈ ಕಸರತ್ತು?"

"ನೀನು ಇರುವಾಗಲೇ ನಾನು ಕಲಿಯಬೇಕು."

"ನಾನೆಲ್ಲಿಗೆ ಹೋಗುತ್ತೇನೆ?"

ಶ್ವಾಸಕೋಶ ಮತ್ತೆ ನೀರೆಳೆಯಿತು.

ದಿನ ತುಂಬಿ ಮಗು ಹೊರಬಂತು. ಸೂಲಗಿತ್ತಿ ಹೊನ್ನಮ್ಮ ಬಳ್ಳಿಗೆ ದಾರ ಬಿಗಿದು ಕತ್ತರಿ ಹಿಡಿದಳು.

"ಅಯ್ಯೋ, ಇನ್ನು ಮಗುವಿಗೆ ಯಾರು ಗತಿ?" ಎಂದು ಬಳ್ಳಿ ಕೂಗಿಕೊಂಡಿತು.

ಕತ್ತರಿ ಆಡಿತು. ಶ್ವಾಸಕೋಶ ಎಂದಿನಂತೆ ಒಳಗೆಳೆಯಿತು. ಈ ಸಲ ಬಂದದ್ದು ಗಾಳಿ. ಮಗು ಗಟ್ಟಿಯಾಗಿ ಅತ್ತಿತು.

ಹೊನ್ನಮ್ಮ ಬಾಣಂತಿಗೆ ಹೇಳಿದಳು: "ನೋಡವ್ವಾ, ಯಾರೂ ಹೇಳಿಕೊಡದೆ ಒಂದೇ ಗಳಿಗೆಯಲ್ಲಿ ಕಲಿತುಬಿಟ್ಟಿತು!"