ಮುನಿದಮ್ಮನ ಬುಗ್ಗೆ

ಈ ಗಿರಿಪ್ರಾಂತವೆಲ್ಲವೂ ಹುಲಿಕರಡಿಗಳಿಂದ ತುಂಬಿದ ಘೋರಾರಣ್ಯವಾಗಿದ್ದ ಪೂರ್ವಕಾಲದಲ್ಲಿ, ತಪ್ಪಲಿನ ಹಟ್ಟಿಯೊಂದರಲ್ಲಿ ಕಾಟವ್ವೆಯೆಂಬ ಗೊಲ್ಲತಿಯು ತನ್ನ ಏಕಮಾತ್ರ ಪುತ್ರಿಯೊಡನೆ ಗೋಪಾಲನೆಯಿಂದ ಜೀವಿಸುತ್ತಿದ್ದಳು. ಒಂದು ಗ್ರೀಷ್ಮದಲ್ಲಿ ಹಟ್ಟಿಗೆ ಜ್ವರ ಹೊಕ್ಕಿತು. ಮನೆಮನೆಯಲ್ಲೂ ಹೆಣ ಬೀಳತೊಡಗಿದಾಗ ದೊರೆ ಸಿಂಗರಸನ ಪುರೋಹಿತನು ಬಂದು, "ಇದು ನಿಮ್ಮ ಪಾಪದ ಫಲ. ಗಿರಿಯಮ್ಮ ಮುನಿದಿದ್ದಾಳೆ. ದನಗಳನ್ನು ಅರಮನೆಗೆ ಒಪ್ಪಿಸಿ ಶಾಂತಿ ಮಾಡಿಸಿರಿ" ಎಂದನು. ದನಗಳೆಲ್ಲ ಹೋದವು, ಜ್ವರ ಹೋಗಲಿಲ್ಲ. ಏಳನೆಯ ದಿನ ಕಾಟವ್ವೆಯ ಮಗಳು "ಅವ್ವಾ, ನೀರು" ಎನ್ನುತ್ತಲೇ ಕಣ್ಣು ಮುಚ್ಚಿದಳು.

ಮಣ್ಣು ಮಾಡಲು ನೆರವಾದವರು ದಿಣ್ಣೆಯ ಮೇಲಿನ ಕುರುಬರು. ಅವರಲ್ಲಿ ಒಬ್ಬರಿಗೂ ಮೈ ಬಿಸಿಯಾಗಿರಲಿಲ್ಲ. ಅವರು ಕುಡಿಯುತ್ತಿದ್ದುದು ಬಾವಿಯ ನೀರು, ಹಟ್ಟಿಯವರು ಕುಡಿಯುತ್ತಿದ್ದುದು ಹಳ್ಳದ ನೀರು. ಇದು ಹೊಳೆದದ್ದೇ ತಡ, ಕಾಟವ್ವೆಯು ಕೊಡಲಿ ಹಿಡಿದು ಹಳ್ಳದಗುಂಟ ಗಿರಿಯನ್ನೇರಿದಳು. ಮೇಲೆ, ಗಿರಿಯಮ್ಮನ ಬಂಡೆಯ ಬದಿಯಲ್ಲೇ, ಸಿಂಗರಸನು ಜಲಕ್ರೀಡೆಗಾಗಿ ತೊರೆಗೆ ಕಲ್ಲಿನ ಒಡ್ಡು ಕಟ್ಟಿಸಿದ್ದನು. ಬೇಟೆಯ ಮೃಗಗಳ ಕರುಳು, ತೊಗಲು, ತಲೆಗಳೆಲ್ಲ ಒಡ್ಡಿನ ಬುಡದಲ್ಲಿ ಕೊಳೆತು, ಹುಳುಗಟ್ಟಿ, ಆ ರಸವೇ ಹಳ್ಳವಾಗಿ ಹಟ್ಟಿಗಿಳಿಯುತ್ತಿತ್ತು.

ಕಾಟವ್ವೆಯು ಬಂಡೆಯತ್ತ ತಿರುಗಿ, "ಎಲೇ ತಾಯೀ! ನಿನ್ನ ಹೆಸರು ಹೇಳಿ ನಮ್ಮ ದನ ಹೊಡಕೊಂಡು ಹೋದರು. ಈ ಹೊಲಸನ್ನು ನೋಡುತ್ತ ನೀನು ಬಾಯಿ ಮುಚ್ಚಿಕೊಂಡು ಕೂತೆಯಾ?" ಎಂದು ಗಿರಿ ಮಾರ್ದನಿಗೊಡುವಂತೆ ಕಿರಿಚಿದಳು.

ಆಗ ಬಂಡೆಯೊಳಗಿಂದ ಮೇಘಗರ್ಜನೆಯಂತಹ ವಾಣಿಯಾಯಿತು: "ನಾನು ಕೊಡದ ಜ್ವರವನ್ನು ನನ್ನ ತಲೆಗೆ ಕಟ್ಟಿದರು. ನಿನ್ನ ಸಿಟ್ಟು ನನ್ನದೂ ಹೌದು. ಹೊಡೆ!"

ಒಂದೇ ಪೆಟ್ಟಿಗೆ ಒಡ್ಡು ಬಿರಿಯಿತು, ದೇವಿಯ ಬಂಡೆಯೂ ಸೀಳಿತು. ಸೀಳಿನಿಂದ ಚಿಮ್ಮಿದ ನಿರ್ಮಲೋದಕವು ಆ ಕೊಳೆಯನ್ನೂ ದೊರೆಯ ಕ್ರೀಡಾಮಂಟಪವನ್ನೂ ಕೊಚ್ಚಿಕೊಂಡು ಹೋಯಿತು. ಪಕ್ಷ ಕಳೆಯುವುದರೊಳಗೆ ಹಟ್ಟಿಯ ಜ್ವರವಿಳಿಯಿತು. ದೇವಿಯು ಪ್ರಸನ್ನಳಾಗಿ ವರ ಕೇಳೆಂದಾಗ ಕಾಟವ್ವೆಯು "ನನ್ನ ಮಗಳು" ಎಂದಳು. ಸೀಳಿನಿಂದ ನೀರು ಬಂದಿತು, ಮಗಳು ಬರಲಿಲ್ಲ. ಕಾಟವ್ವೆಯು ಬೆನ್ನು ತಿರುಗಿಸಿ ಅಲ್ಲಿಯೇ ಕುಳಿತು ಶಿಲೆಯಾದಳು.

ಸೀಳಿದ ಬಂಡೆಯಿಂದ ಇಂದಿಗೂ ನೀರು ಹರಿಯುತ್ತದೆ. ದೇವಿಗೆ ಬೆನ್ನು ಹಾಕಿ ಕುಳಿತ ಆ ಶಿಲೆಗೇ ಇಲ್ಲಿ ಮೊದಲ ಪೂಜೆ. ಜ್ವರಪೀಡಿತರು ಬಂದರೆ ಅರ್ಚಕರು ಪಾಪಪುಣ್ಯಗಳ ಮಾತೆತ್ತುವಂತಿಲ್ಲ. ತೀರ್ಥ ಕೊಡುವ ಮುನ್ನ ಅವರು ಕೇಳುವುದು ಒಂದೇ ಪ್ರಶ್ನೆ: "ಯಾವ ನೀರು ಕುಡಿದಿರಿ?"