ನೆಲಕ್ಕೆ ಬೀಳದ ಎಣ್ಣೆ

"ಅಜ್ಜಾರೆ, ನನ್ನ ಹೆಂಡತಿ ದಿನದಿನಕ್ಕೂ ಕಡಿಮೆಯಾಗುತ್ತಿದ್ದಾಳೆ. ಯಾಕೆ?"

ಹೀಗೆ ಕೇಳಿದವನು ಗುರುಪಾದ. ಮಠದ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಒಂಬತ್ತು ವರ್ಷದಿಂದ ಅಲ್ಲಿನ ಸ್ವಾಮಿಗಳಾದ ಅಜ್ಜಾರ ಶಿಷ್ಯ. ಅಜ್ಜಾರು ಕಾವಿ ಉಡುವ ಮೊದಲು ಘಾಟಿಯ ಬುಡದ ಒಂದು ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ದುಡಿದಿದ್ದರು.

"ಕಡಿಮೆ ಎಂದರೆ?"

"ಮೊದಲು ಹಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ಹಾಡು ನಿಂತಿತು. ಆಮೇಲೆ ಊಟ ಇಳಿಯಿತು. ಈಗ ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಮೂವರು ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಎಂದರು. ಟಾನಿಕ್ ತಂದುಕೊಟ್ಟೆ, ಸೀರೆ ತಂದುಕೊಟ್ಟೆ. ನಮ್ಮ ಮನೆಯಲ್ಲಿ ಜಗಳವೇ ಇಲ್ಲ ಅಜ್ಜಾರೆ. ಅವಳು ಏನಾದರೂ ಅಂದು ನನಗೆ ಸಿಟ್ಟು ಬಂತೋ, ಆ ಕ್ಷಣವೇ ಬಾಯಿ ಮುಚ್ಚಿ ಎದ್ದು ಹೋಗಿಬಿಡುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ದನಿ ಏರಿಸಿಲ್ಲ. ಈಗ ಸೋಮವಾರ ಅವಳ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನಂತೆ. ಹೋದರೆ ತಿರುಗಿ ಬರುವುದಿಲ್ಲವಂತೆ."

"ಭಾಳ ಶಾಣ್ಯಾ ಇದ್ದೀಯಪ್ಪ" ಎಂದರು ಅಜ್ಜಾರು. "ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಬಾಯಿ ಮುಚ್ಚುವುದು ನಿನಗೆ ಹೇಗೂ ರೂಢಿ ಇದೆಯಲ್ಲ."

ಅವರು ಹೇಳಿದ ಕತೆ ಇದು.

ಒಬ್ಬ ಡ್ರೈವರ್ ಇದ್ದ. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಕಾರು ಇತ್ತು, ಟರ್ಬೊ ಇದ್ದದ್ದು. ಟರ್ಬೊ ಎಂದರೆ ಬಹಳ ದೊಡ್ಡದೇನಲ್ಲ, ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರ. ಅದು ಎಂಜಿನ್ನಿನೊಳಕ್ಕೆ ಗಾಳಿ ಒತ್ತುತ್ತದೆ, ಗಾಡಿ ಏರು ಹತ್ತುತ್ತದೆ. ಡ್ರೈವರ್ ರೈಲ್ವೆ ಸ್ಟೇಷನ್ನಿನಿಂದ ಜನರನ್ನು ಕೂರಿಸಿಕೊಂಡು ಘಾಟಿ ಹತ್ತಿಸಿ ಗುಡ್ಡದ ಮೇಲಿನ ಊರಿಗೆ ಬಿಡುತ್ತಿದ್ದ. ಆ ಕಾರೇ ಅವನ ಅನ್ನ.

ಒಂದು ವರ್ಷ ಕಾರಿನ ಎಂಜಿನ್ ಆಯಿಲ್ ಕಡಿಮೆಯಾಗತೊಡಗಿತು. ವಾರಕ್ಕೊಮ್ಮೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಒಂದು ಬೆರಳು ಇಳಿದಿರುತ್ತಿತ್ತು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟ. ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಎಂಜಿನ್ ಒರೆಸಿ ನೋಡಿದ, ಹೊರಗೆಲ್ಲ ಒಣಗಿದೆ. ಸೋರದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಅವನಿಗೆ ಅನ್ನ ಸೇರದಾಯಿತು. ಕಡಿಮೆಯಾದಷ್ಟು ಸುರಿದ, ಮತ್ತೆ ಇಳಿಯಿತು, ಮತ್ತೆ ಸುರಿದ.

ಗ್ಯಾರೇಜುಗಳನ್ನು ಸುತ್ತಿದ. ಒಬ್ಬ ಪ್ಯಾಕಿಂಗ್ ಬದಲಿಸಿದ. ಇನ್ನೊಬ್ಬ, ಮಂದ ಎಣ್ಣೆ ಹಾಕು ಎಂದ. ಮತ್ತೊಬ್ಬ ಎಂಜಿನ್ನನ್ನೇ ಬಿಚ್ಚಿ ರಿಂಗು ಬದಲಿಸಿದ. ಆ ಪೆದ್ದ ಬೇರೆ ಯಾರೂ ಅಲ್ಲ, ನಾನೇ. ಹದಿನೈದು ದಿನ ಆ ಬಡವನ ಗಾಡಿಯನ್ನು ಬಿಚ್ಚಿ ಹರವಿಕೊಂಡು ಕೂತಿದ್ದೆ. ಏನೂ ಆಗಲಿಲ್ಲ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಕಡೆಗೆ ಅವನು ನಮ್ಮ ಹಿರಿಯ ಮೇಸ್ತ್ರಿಯ ಹತ್ತಿರ ಬಂದ. ಮೇಸ್ತ್ರಿ ಬಾನೆಟ್ ಎತ್ತಲೂ ಇಲ್ಲ. "ನೀನು ಘಾಟಿ ಹತ್ತಿ ಇಳಿ. ನಾನು ಹಿಂದೆ ಬರುತ್ತೇನೆ" ಎಂದು ಸೈಕಲ್ ಮೋಟಾರು ಹತ್ತಿದ. ಇಳಿಜಾರು ಮುಗಿದು ಡ್ರೈವರ್ ಮತ್ತೆ ಕಾಲು ಒತ್ತಿದ್ದೇ ತಡ, ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು. ಮೇಸ್ತ್ರಿ ಕೆಮ್ಮುತ್ತ ಬಂದು ನಿಂತ. ಎಣ್ಣೆ ನೆಲಕ್ಕೆ ಬೀಳುತ್ತಿರಲಿಲ್ಲ, ಒಳಗೇ ಉರಿದು ಹೋಗುತ್ತಿತ್ತು. ಮುಂದೆ ನೋಡಿ ಗಾಡಿ ಹೊಡೆಯುವವನಿಗೆ ತನ್ನ ಹೊಗೆ ಕಂಡಿರಲಿಲ್ಲ.

ಮೇಸ್ತ್ರಿ ಟರ್ಬೊದ ಪೈಪು ಕಳಚಿ ಬೆರಳು ಹಾಕಿದ. ಬೆರಳು ಎಣ್ಣೆಯಾಯಿತು. ಚಕ್ರ ಹಿಡಿದು ಅಲುಗಿಸಿದ. ಹಣ್ಣು ಮುದುಕನ ಹಲ್ಲಿನ ಹಾಗೆ ಅಲುಗಿತು.

"ಗುಡ್ಡದ ಮೇಲೆ ಮುಟ್ಟಿದ ಮೇಲೆ ಏನು ಮಾಡುತ್ತೀ?" ಎಂದು ಕೇಳಿದ.

"ಆ ಕ್ಷಣವೇ ಚಾವಿ ತಿರುವಿ ಆರಿಸುತ್ತೇನೆ" ಎಂದ ಡ್ರೈವರ್, ಎದೆಯುಬ್ಬಿಸಿ. "ಹದಿನಾಲ್ಕು ವರ್ಷದಲ್ಲಿ ಒಂದು ನಿಮಿಷವೂ ಸುಮ್ಮನೆ ಎಂಜಿನ್ ಉರಿಸಿದವನಲ್ಲ. ಬೇರೆ ಡ್ರೈವರುಗಳ ಹಾಗೆ ಡೀಸೆಲ್ ಹಾಳು ಮಾಡುವುದು ನನ್ನ ಕೈಲಾಗುವುದಿಲ್ಲ."

"ಅದೇ ನೋಡು ರೋಗ" ಎಂದ ಮೇಸ್ತ್ರಿ. "ಘಾಟಿ ಹತ್ತಿದ ಚಕ್ರ ಕೆಂಡವಾಗಿರುತ್ತದೆ. ನೀನು ಚಾವಿ ತಿರುವಿದರೆ ಎಂಜಿನ್ ನಿಲ್ಲುತ್ತದೆ, ಚಕ್ರಕ್ಕೆ ಬರುವ ಎಣ್ಣೆಯೂ ನಿಲ್ಲುತ್ತದೆ. ಚಕ್ರ ಮಾತ್ರ ನಿಲ್ಲುವುದಿಲ್ಲ. ಎಣ್ಣೆಯಿಲ್ಲದೆ ಬರಿದೇ ತಿರುಗುತ್ತದೆ. ಅಲ್ಲಿ ಉಳಿದ ನಾಲ್ಕು ಹನಿಯೂ ಸೀದು ಇದ್ದಿಲಾಗುತ್ತದೆ. ಎರಡು ನಿಮಿಷ ಮೆಲ್ಲಗೆ ನಡೆಸಿ, ಅದು ತಣ್ಣಗಾದ ಮೇಲೆ ಆರಿಸಬೇಕಿತ್ತು. ಹದಿನಾಲ್ಕು ವರ್ಷ ದಿನಾ ಅದನ್ನು ಸುಟ್ಟಿದ್ದೀ. ಅದಕ್ಕೇ ಚಕ್ರ ಸಡಿಲಾಗಿ ಎಣ್ಣೆ ಎಂಜಿನ್ನಿನೊಳಕ್ಕೆ ಜಿನುಗುತ್ತಿದೆ. ಈಗ ಈ ಟರ್ಬೊ ಬದಲಿಸುವ ತನಕ ಗಾಡಿ ಹೊರಗೆ ತೆಗೆಯಬೇಡ."

ಡ್ರೈವರ್‌ಗೆ ಮೈಯೆಲ್ಲ ಉರಿಯಿತು. ಕಳ್ಳತನ ಮಾಡಿದ್ದೀ ಎಂದಿದ್ದರೂ ಸಹಿಸುತ್ತಿದ್ದನೇನೋ. ನಿನ್ನ ಒಳ್ಳೆಯ ಗುಣವೇ ರೋಗ ಎಂದರೆ ಯಾರು ತಾನೆ ಸಹಿಸುತ್ತಾರೆ? ಮರುಮಾತಾಡದೆ ಗಾಡಿ ಹತ್ತಿ ಹೋದ. ಹೋಗಿ ಮತ್ತೆ ಎಣ್ಣೆ ಸುರಿದ, ಮತ್ತೆ ಘಾಟಿ ಹತ್ತಿದ, ಮೇಲೆ ಮುಟ್ಟಿದ ಕ್ಷಣ ಮತ್ತೆ ಚಾವಿ ತಿರುವಿದ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಘಾಟಿಯ ನಡುವೆ ಎಂಜಿನ್ ತಾನಾಗಿಯೇ ಅರಚತೊಡಗಿತು. ಅವನು ಕಾಲು ತೆಗೆದ. ಅರಚಾಟ ಏರಿತು. ಗೇರು ತಪ್ಪಿಸಿ ರಸ್ತೆಯ ಅಂಚಿಗೆ ನಿಲ್ಲಿಸಿದ. ಕೂತ ಜನ ಇಳಿದು ಓಡಿದರು. ಅವನು ಚಾವಿ ತಿರುವಿದ. ಎಂಜಿನ್ ನಿಲ್ಲಲಿಲ್ಲ. ಚಾವಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಆಗಲೂ ನಿಲ್ಲಲಿಲ್ಲ. ಟರ್ಬೊದಲ್ಲಿ ಎಣ್ಣೆ ತಡೆಯುವ ಸೀಲು ಪೂರ್ತಿ ಹರಿದು, ಎಂಜಿನ್ ತನ್ನ ಎಣ್ಣೆಯನ್ನೇ ಕುಡಿದು ಉರಿಯುತ್ತಿತ್ತು. ಅದಕ್ಕೆ ಇನ್ನು ಅವನ ಡೀಸೆಲ್ಲೂ ಬೇಕಿರಲಿಲ್ಲ, ಅವನ ಚಾವಿಯೂ ಬೇಕಿರಲಿಲ್ಲ. ಘಾಟಿ ತುಂಬ ಹೊಗೆ ತುಂಬಿತು. ಎಣ್ಣೆ ಮುಗಿಯುವ ತನಕ ಅರಚಿತು, ಆಮೇಲೆ ಒಳಗಿನ ಕಬ್ಬಿಣ ಮುರಿದ ಸದ್ದಾಯಿತು.

ನಾನೂ ಮೇಸ್ತ್ರಿಯೂ ಹಗ್ಗ ತೆಗೆದುಕೊಂಡು ಹೋದೆವು. ಅವನು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ, ಚಾವಿ ಕೈಯಲ್ಲೇ ಇತ್ತು. "ಆರಿಸಿದೆನಲ್ಲ ಮೇಸ್ತ್ರಿ, ಆರಿಸಿದೆನಲ್ಲ" ಎಂದು ಅಳುತ್ತಿದ್ದ. ಮೇಸ್ತ್ರಿ ಕಾರಿಗೆ ಹಗ್ಗ ಕಟ್ಟಿದ. ಹೇಳಬೇಕಾದದ್ದನ್ನು ಮೊದಲೇ ಹೇಳಿ ಆಗಿತ್ತು. ಆ ಕಾರು ಗುಜರಿಗೆ ಹೋಯಿತು. ಅವನು ಮತ್ತೆ ಆ ಘಾಟಿಯಲ್ಲಿ ಕಾಣಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ಅವರ ಕಣ್ಣು ತೇವವಾಗಿತ್ತು. ಗುರುಪಾದ ತಲೆ ತಗ್ಗಿಸಿದ್ದ.

"ನೀನು ಎದ್ದು ಹೋದ ಮೇಲೆ ಅವಳು ಒಲೆಯ ಮುಂದೆ ಒಬ್ಬಳೇ ಏನು ಮಾಡುತ್ತಿದ್ದಳು, ಗುರುಪಾದ? ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಹಿಂದಕ್ಕೆ ತಿರುಗಿ ನೋಡಿದೆಯಾ?"

ಗುರುಪಾದನ ಮುಖ ಕೆಂಪಾಯಿತು. ತಾನು ಆ ಹೆಣ್ಣಿಗೆ ಒಂದೇ ಒಂದು ಕೆಟ್ಟ ಮಾತು ಆಡಿದವನಲ್ಲ, ದನಿ ಏರಿಸಿದವನಲ್ಲ, ಅಂಥವನಿಗೆ ಇಂಥ ಮಾತೇ? ತುಟಿಯವರೆಗೆ ಬಂದದ್ದನ್ನು ನುಂಗಿದ. ಬಾಯಿ ಬಿಗಿದುಕೊಂಡ. ಕೈಚೀಲ ಎತ್ತಿಕೊಂಡು ಎದ್ದು ಬಾಗಿಲ ಕಡೆಗೆ ನಡೆದ. ಹೊಸ್ತಿಲು ದಾಟಲು ಕಾಲು ಎತ್ತಿದ್ದ.

ಅಜ್ಜಾರು ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು:

"ನೋಡು ಮಗಾ, ಈಗಲೂ ನೀನು ಚಾವಿ ತಿರುವಿದೆ."