ಹಳೆಯ ಕಾರಿನ ಆಯಿಲ್ ಮತ್ತು ಗುರುಗಳ ಹಲ್ಲು

ಹಿಮಾಲಯದ ತಪ್ಪಲಲ್ಲಿ, ನದಿಯ ದಂಡೆಯ ಮೇಲೆ ಒಂದು ಆಶ್ರಮ. ಕನ್ನಡದ ಯಾತ್ರಿಕರಿಗಾಗಿ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಅಲ್ಲಿ ಸೋಮಗಿರಿ ಎಂಬ ಗುರುಗಳಿದ್ದರು. ಅವರಿಗೆ ಹಲ್ಲುನೋವಿತ್ತು.

ಕೆಳದವಡೆಯ ಕೊನೆಯ ಹಲ್ಲು. ಕೆನ್ನೆ ಊದಿತ್ತು. ಬಾಯಿ ತೆರೆದರೆ ಒಂದು ಥರ ನೋವು, ಮುಚ್ಚಿದರೆ ಇನ್ನೊಂದು ಥರ. ಹಾಗಾಗಿ ಗುರುಗಳು ಮಾತು ಕಡಿಮೆ ಮಾಡಿದ್ದರು.

ಅವರ ಮಾತು ಕಡಿಮೆಯಾದಷ್ಟೂ ಶಿಷ್ಯರ ಭಕ್ತಿ ಹೆಚ್ಚಾಯಿತು.

ಕೆಳಗಿನ ಪೇಟೆಗೆ ತಿಂಗಳಿಗೊಮ್ಮೆ ಒಬ್ಬ ಹಲ್ಲಿನ ಡಾಕ್ಟರು ಬರುತ್ತಿದ್ದರು. ಬೆಳಗ್ಗೆ ಬೇಗ ಬಂದು, ಸಾಲಿನಲ್ಲಿ ಕೂತವರ ಹಲ್ಲು ಕಿತ್ತು, ಬಿಸಿಲೇರುವ ಮೊದಲೇ ಹೊರಟುಬಿಡುತ್ತಿದ್ದರು. ಹೋದ ತಿಂಗಳು ಗುರುಗಳು ಅವರ ಬಳಿ ಹೋಗಬೇಕಿತ್ತು. ಚಳಿಗೆ ಆಶ್ರಮದ ಹಳೆಯ ಕಾರು ಸ್ಟಾರ್ಟ್ ಆಗಲಿಲ್ಲ. ಅದು ಬಿಸಿಲು ಕಾಯಿಸಿಕೊಂಡು, ಕೆಮ್ಮಿ, ಎದ್ದು ನಿಲ್ಲುವ ಹೊತ್ತಿಗೆ ಡಾಕ್ಟರು ಹೋಗಿ ಆಗಿತ್ತು. ಬಸ್ಸು ಬರುವುದು ಅದಕ್ಕಿಂತಲೂ ತಡ.

ಈ ಗುರುವಾರ ಡಾಕ್ಟರು ಮತ್ತೆ ಬರುವವರಿದ್ದರು. ಆಮೇಲೆ ಹಿಮ ಬಿದ್ದು ದಾರಿ ಮುಚ್ಚಿದರೆ ತೆರೆಯುವುದು ಹೋಳಿಯ ಹೊತ್ತಿಗೆ. ಅಲ್ಲಿಯವರೆಗೆ ಆ ಹಲ್ಲಿನ ಜೊತೆ ಬಾಳುವಷ್ಟು ವೈರಾಗ್ಯ ಗುರುಗಳಿಗೆ ಇನ್ನೂ ಬಂದಿರಲಿಲ್ಲ.

ಕಾರಿನ ಜವಾಬ್ದಾರಿ ಚಿದಂಬರ ಎಂಬ ಶಿಷ್ಯನದು. ಅವನಿಗೆ ಎರಡು ಎಂ.ಎ. ಆಗಿತ್ತು. ಎರಡೂ ತತ್ವಶಾಸ್ತ್ರದಲ್ಲೇ, ಮೊದಲನೆಯದರಲ್ಲಿ ಏನೋ ಸಂದೇಹ ಉಳಿದಿತ್ತಂತೆ. ಕಾರು ಮಾತ್ರ ಚೆನ್ನಾಗಿ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಎಂಜಿನ್ ಆಯಿಲ್ ಬದಲಾಯಿಸಿದ್ದೂ ಅವನೇ. ಹಳೆಯ ಕಾರು, ಸವೆದ ಎಂಜಿನ್, ಆದ್ದರಿಂದ ಗಟ್ಟಿ ಆಯಿಲ್ ಎಂದು ತರ್ಕ ಮಾಡಿ, ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹಾಕಿದ್ದ. ಬೇಸಿಗೆಯಲ್ಲಿ ಆ ತರ್ಕ ಚೆನ್ನಾಗಿಯೇ ಓಡಿತು.

ಸೋಮವಾರ ಬೆಳಗ್ಗೆ ಅವನು ಬಂದು ಕೈಮುಗಿದು ಕೂತ.

"ಗುರುಗಳೇ, ಹೋದ ತಿಂಗಳು ಕಾರು ಯಾಕೆ ಏಳಲಿಲ್ಲ?"

ಗುರುಗಳು ಬಚ್ಚಲಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದರು. ಮುಚ್ಚಳ ತೆಗೆದು, ಶಿಷ್ಯನ ಅಂಗೈ ಮೇಲೆ ಬಾಟಲಿ ಬೋರಲು ಹಿಡಿದರು.

ಒಂದು ಹನಿಯೂ ಬೀಳಲಿಲ್ಲ.

ಚಿದಂಬರ ತನ್ನ ಖಾಲಿ ಅಂಗೈಯನ್ನೇ ನೋಡಿದ. ಕಣ್ಣಲ್ಲಿ ನೀರು ಬಂತು.

"ತಿಳೀತು ಗುರುಗಳೇ. ಬೇಡಿ ಚಾಚಿದ ಕೈಗೆ ಏನೂ ಸಿಗೋದಿಲ್ಲ."

"ಎಣ್ಣೆ ಹೆಪ್ಪುಗಟ್ಟಿದೆ," ಎಂದರು ಗುರುಗಳು.

"ಹೌದು, ಎಲ್ಲರೊಳಗೂ," ಎಂದ ಚಿದಂಬರ.

ಗುರುಗಳು ಕೆನ್ನೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಪೂರ್ವಾಶ್ರಮದಲ್ಲಿ ಅವರು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದರು. ಅಲ್ಲಿಯ ಹುಡುಗರು ದಡ್ಡರಿದ್ದರು, ನಿಜ. ಆದರೆ ಎಣ್ಣೆ ಅಂದರೆ ಎಣ್ಣೆ ಅಂದುಕೊಳ್ಳುತ್ತಿದ್ದರು.

"ಹಾಗಾದರೆ ಈ ಚಳಿಗೆ ಎಂಥ ಆಯಿಲ್ ಹಾಕಲಿ, ಗುರುಗಳೇ?"

"ತೆಳು," ಎಂದರು ಗುರುಗಳು.

ಚಿದಂಬರ ಅಡ್ಡಬಿದ್ದು ಹೊರಟುಹೋದ.

ಅಂದು ಮಧ್ಯಾಹ್ನ ಊಟಕ್ಕೆ ಎಲೆಯ ಬದಲು ಲೋಟ ಬಂತು. ಲೋಟದಲ್ಲಿ ಗಂಜಿಯ ತಿಳಿ. ಗುರುಗಳು ಅಡುಗೆಯ ಶೇಷಮ್ಮನ ಮುಖ ನೋಡಿದರು.

"ನನ್ನ ನೋಡಬೇಡಿ ಸ್ವಾಮೀಜಿ," ಎಂದಳು ಶೇಷಮ್ಮ. "ತೆಳುವಾಗಬೇಕು ಅಂತ ನಿಮ್ಮ ಅಪ್ಪಣೆಯಂತೆ. ಚಿದಂಬರಪ್ಪ ಬಂದು ಹೇಳಿದ್ರು. ಹಪ್ಪಳ ಕರಿದಿದ್ದೆ. ನಾನೊಬ್ಬಳೇ ತಿಂದೆ."

ಗುರುಗಳಿಗೆ ಹೇಗೂ ಹಪ್ಪಳ ಅಗಿಯಲು ಆಗುತ್ತಿರಲಿಲ್ಲ. ಆದರೂ ಕೇಳಿ ಬೇಸರವಾಯಿತು.

ಮಂಗಳವಾರ ಚಿದಂಬರ ಮತ್ತೆ ಬಂದ. ಒಂದೇ ದಿನದ ಉಪವಾಸಕ್ಕೆ ಮುಖದಲ್ಲಿ ಕಳೆ ಬಂದಿದೆ ಎಂದು ಅವನಿಗೆ ಅನಿಸಿತ್ತು. ಎರಡು ಕೈಯಲ್ಲಿ ಎರಡು ಡಬ್ಬ.

"ಗುರುಗಳೇ, ಅಹಂಕಾರ ತೆಳುವಾಗಬೇಕು ಅನ್ನೋದು ತಿಳೀತು. ಕಾರಿನದು ಉಳೀತು."

"ಕಾರಿನದೇ ಹೇಳಿದ್ದು."

"ಅದು ತಮ್ಮ ಕರುಣೆ." ಅವನು ಡಬ್ಬಗಳನ್ನು ಮುಂದಿಟ್ಟ. "ಇದು ಗಟ್ಟಿ, ಬೇಸಿಗೆಯಲ್ಲಿ ಹಾಕಿ ಉಳಿದದ್ದು. ಇದು ತೆಳು, ಮೈಸೂರಿನ ಭಕ್ತರೊಬ್ಬರು ತಮ್ಮ ಹೊಸ ಕಾರಿಗೆ ತಂದು ಬಿಟ್ಟುಹೋದದ್ದು. ಬರೀ ನೀರು. ನಮ್ಮ ಎಂಜಿನ್ ಸವೆದಿದೆ. ಇಷ್ಟು ತೆಳು ಹಾಕಿದರೆ ಬಿಸಿಯಾದ ಮೇಲೆ ಸಂದಿಸಂದಿಯಿಂದ ಸೋರಿ, ಸುಟ್ಟು, ಹೊಗೆಯಾಗಿ ಹೋಗುತ್ತೆ. ಗಟ್ಟಿ ಹಾಕಿದರೆ ಬೆಳಗ್ಗೆ ಏಳೋದೇ ಇಲ್ಲ. ಗಟ್ಟಿಯನ್ನೂ ಬಿಡಬೇಕು, ತೆಳುವನ್ನೂ ಬಿಡಬೇಕು ಅಂದರೆ ಹಿಡಿಯೋದು ಏನನ್ನ?"

ಗುರುಗಳಿಗೆ ಆಶ್ಚರ್ಯವಾಯಿತು. ಪ್ರಶ್ನೆ ಸರಿಯಾಗಿತ್ತು. ಎರಡು ಎಂ.ಎ. ದಾಟಿ ಇಷ್ಟು ದೂರ ಬಂದವನಿಗೆ ಒಂದು ಪೂರ್ತಿ ವಾಕ್ಯ ಕೊಡಬಹುದು ಅನಿಸಿತು. ದವಡೆಗೆ ಅಂಗೈ ಒತ್ತಿ ಹಿಡಿದು ಮಾತಾಡಿದರು.

"ಚಳಿಗೆ ಗಟ್ಟಿಯಾಗಬಾರದು, ಬಿಸಿಗೆ ನೀರಾಗಬಾರದು. ಅಂಥದ್ದು ತಾ."

ಚಿದಂಬರ ಕೈಮುಗಿದ.

"ಗುರುಗಳೇ, ಇದು ಸ್ಥಿತಪ್ರಜ್ಞನ ಲಕ್ಷಣ."

"ಡಬ್ಬದ ಮೇಲೆ ಬರೆದಿರುತ್ತೆ."

"ಎಷ್ಟು ಜನ ಓದ್ತಾರೆ ಗುರುಗಳೇ?" ಎಂದು ಚಿದಂಬರ ನಿಟ್ಟುಸಿರು ಬಿಟ್ಟ. ಅವನೂ ಓದಿರಲಿಲ್ಲ.

ಅವನು ಏಳುವ ಮುಂಚೆ ಗುರುಗಳು ಇನ್ನೊಂದು ಮಾತು ಸೇರಿಸಿದರು. ಸೇರಿಸಬಾರದಿತ್ತು.

"ಮೊದಲು ಒಳಗಿರೋದನ್ನ ಖಾಲಿ ಮಾಡು."

ಬುಧವಾರ ಬೆಳಗ್ಗೆ ಗುರುಗಳು ಅಂಗಳದ ಬಿಸಿಲಲ್ಲಿ, ಕಿವಿಯಿಂದ ಕಿವಿಗೆ ಮಫ್ಲರ್ ಸುತ್ತಿಕೊಂಡು, ಲವಂಗ ಕಚ್ಚಿ ಕೂತಿದ್ದರು. ಚಿದಂಬರ ಬಂದ. ಮೊಣಕೈವರೆಗೂ ಮಸಿ. ಮುಖದಲ್ಲಿ ಮಾತ್ರ ಪರಮಶಾಂತಿ.

"ಖಾಲಿ ಮಾಡಿದೆ, ಗುರುಗಳೇ. ಕಾರಿನ ಕೆಳಗೆ ಮಲಗಿ, ಬಿರಡೆ ಬಿಚ್ಚಿ, ಕೊನೆಯ ಹನಿವರೆಗೂ ಇಳಿಸಿದೆ. ಬಿರಡೆ ಹಾಕಿದೆ. ಆಮೇಲೆ ಹೊಸದು ಏನು ತರಲಿ ಅಂತ ಅಲ್ಲೇ ಮಲಗಿ ಯೋಚಿಸಿದೆ. ಆಗ ಹೊಳೀತು."

"ಏನು?"

"ಗಟ್ಟಿ ಹೆಪ್ಪುಗಟ್ಟುತ್ತೆ. ತೆಳು ಸೋರುತ್ತೆ. ಇಲ್ಲದ ಆಯಿಲ್ ಹೆಪ್ಪುಗಟ್ಟೋದು ಹೇಗೆ? ಸೋರೋದು ಹೇಗೆ?"

ಗುರುಗಳು ಲವಂಗ ಕಚ್ಚುವುದನ್ನು ನಿಲ್ಲಿಸಿದರು.

"ತರ್ಕದಲ್ಲಿ ಎಲ್ಲೂ ತಪ್ಪಿಲ್ಲ ಗುರುಗಳೇ, ಎರಡು ಸಲ ನೋಡಿದೆ. ಖಾಲಿಯೇ ಪೂರ್ಣ. ಈಗ ಸ್ಟಾರ್ಟ್ ಮಾಡಿ ತೋರಿಸ್ತೀನಿ."

ಅವನು ಕಾರಿನತ್ತ ನಡೆದ. ಹೋಗಿ ಸೀಟಿನಲ್ಲಿ ಕೂತ. ಕಣ್ಣು ಮುಚ್ಚಿ ಒಂದು ಶ್ಲೋಕ ಶುರು ಮಾಡಿದ.

ಗುರುಗಳು ಓಡಿದ್ದನ್ನು ಆ ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ಅಂದು ಕಂಡರು. ಮಫ್ಲರ್ ಒಂದು ಕಡೆ ಬಿತ್ತು, ಪಾದುಕೆ ಇನ್ನೊಂದು ಕಡೆ. ಹೆಪ್ಪುಗಟ್ಟಿದ ಅಂಗಳದಲ್ಲಿ ಬರಿಗಾಲಲ್ಲಿ ಓಡಿ, ಕಿಟಕಿಯೊಳಗೆ ಅರ್ಧ ಮೈ ತೂರಿಸಿ, ಕೀಲಿ ಕಿತ್ತುಕೊಂಡರು. ಹೆಜ್ಜೆಹೆಜ್ಜೆಗೂ ಹಲ್ಲಿನ ನೋವು ನೆತ್ತಿಗೆ ಬಡಿದಿತ್ತು.

ಶ್ಲೋಕ ಉದ್ದದ್ದಾಗಿತ್ತು. ಎಂಜಿನ್ ಉಳಿದದ್ದು ಅದರಿಂದ.

ಚಿದಂಬರ ಕಣ್ಣು ತೆರೆದ. ಕಿಟಕಿಯಲ್ಲಿ ಗುರುಗಳ ಮುಖ ಇತ್ತು. ಅಷ್ಟು ಹತ್ತಿರದಿಂದ ಅವನು ಅದನ್ನು ಎಂದೂ ನೋಡಿರಲಿಲ್ಲ.

"ಆಯಿಲ್ ಇಲ್ಲದೆ ಓಡಿಸಿದರೆ ಏನಾಗುತ್ತೆ?" ಎಂದು ಗುರುಗಳು ಕೇಳಿದರು.

ಚಿದಂಬರ ಯೋಚಿಸಿದ. "ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ."

"ಉಜ್ಜಿದರೆ?"

"ಬಿಸಿಯಾಗುತ್ತೆ. ಹಿಡಿದುಕೊಳ್ಳುತ್ತೆ." ಅವನ ದನಿ ಇಳಿಯಿತು. "ಎಂಜಿನ್ ಜಾಮ್ ಆಗುತ್ತೆ."

"ಆಮೇಲೆ?"

"ತಮ್ಮ ಹಲ್ಲು ಹೋಳಿವರೆಗೆ ಬಾಯಲ್ಲೇ ಇರುತ್ತೆ."

"ಇಳಿ," ಎಂದರು ಗುರುಗಳು.

ಇಬ್ಬರೂ ರಸ್ತೆಯ ತಿರುವಿನ ಅಂಗಡಿಗೆ ನಡೆದು ಹೋದರು. ಕೀಲಿ ಗುರುಗಳ ಮುಷ್ಟಿಯಲ್ಲೇ ಇತ್ತು. ದಾರಿಯುದ್ದಕ್ಕೂ ಚಿದಂಬರ ತತ್ವ ಮಾತಾಡಲಿಲ್ಲ. ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಸುಮ್ಮನಿದ್ದ.

ಅಂಗಡಿಯ ಯಜಮಾನ ಬಿಷ್ಟ್ ಗಟ್ಟಿ ಆಯಿಲಿನ ಡಬ್ಬ ತೆಗೆದಿಟ್ಟ. "ಬಾಬಾಜಿ, ಹಳೇ ಗಾಡಿಗೆ ಎಲ್ಲರೂ ಇದನ್ನೇ ಒಯ್ಯೋದು."

"ಅವರೆಲ್ಲ ಬೆಳಗ್ಗೆ ಯಾವಾಗ ಹೊರಡ್ತಾರೆ?" ಎಂದು ಗುರುಗಳು ಕೇಳಿದರು.

"ಬಿಸಿಲು ಬಂದ ಮೇಲೆ."

"ನಾವು ಬಿಸಿಲು ಬರೋ ಮುಂಚೆ."

ಬಿಷ್ಟ್ ಆ ಡಬ್ಬ ಒಳಗಿಟ್ಟು ಇನ್ನೊಂದು ತೆಗೆದ. ಚಿದಂಬರ ಅದರ ಮೇಲಿನ ಅಕ್ಷರವನ್ನು, ಮೊದಲ ಬಾರಿಗೆ, ಓದಿದ. ಟೆನ್ ಡಬ್ಲ್ಯೂ ಫಾರ್ಟಿ. ಹಾಗೆಂದರೆ ಏನು ಎಂಬಂತೆ ಗುರುಗಳ ಮುಖ ನೋಡಿದ.

ಗುರುಗಳು ಬೆರಳಿಟ್ಟು ತೋರಿಸಿದರು. "ಮೊದಲ ಅಂಕಿ ಮುಂಜಾನೆಗೆ. ಅದು ಚಿಕ್ಕದಿದ್ದಷ್ಟೂ ಚಳಿಯಲ್ಲಿ ಸಲೀಸು. ಎರಡನೆಯದು ಮಧ್ಯಾಹ್ನಕ್ಕೆ. ಹಳೇ ಎಂಜಿನ್‌ಗೆ ಅದು ತೀರಾ ಚಿಕ್ಕದಿರಬಾರದು."

"ಇಷ್ಟೇನಾ?"

"ಇಷ್ಟೇ."

ಚಿದಂಬರನ ಮುಖದಲ್ಲಿ ಸಣ್ಣ ನಿರಾಸೆ ಹಾದುಹೋಯಿತು. ಆ ನಿರಾಸೆ ಕಂಡು ಗುರುಗಳಿಗೆ ಅವನ ಮೇಲೆ ಮೊದಲ ಬಾರಿ ಭರವಸೆ ಹುಟ್ಟಿತು.

ಸಂಜೆ ಅವನೇ ಆಯಿಲ್ ಹಾಕಿದ. ಅಳತೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದು ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ಶೇಷಮ್ಮ ಅಂದು ಎಲ್ಲರಿಗೂ ಎಲೆ ಹಾಕಿ ಅನ್ನ ಬಡಿಸಿದಳು. ಗುರುಗಳೊಬ್ಬರಿಗೆ ಗಂಜಿ.

ಗುರುವಾರ ನಸುಕು. ಬಕೆಟ್ಟಿನ ನೀರಿನ ಮೇಲೆ ಮಂಜಿನ ಬಿಲ್ಲೆ ಕಟ್ಟಿತ್ತು. ಗುರುಗಳು ಕಾರಿನಲ್ಲಿ ಕೂತು, ಕಂಬಳಿ ಹೊದ್ದು, ಕೀಲಿ ಶಿಷ್ಯನ ಕೈಗೆ ಕೊಟ್ಟರು.

"ಶ್ಲೋಕ ಬೇಡ," ಎಂದರು.

ಚಿದಂಬರ ಕೀಲಿ ತಿರುಗಿಸಿದ. ಕಾರು ಒಮ್ಮೆ ನರಳಿತು. ನಿಂತಿತು. ಗುರುಗಳು ಉಸಿರು ಹಿಡಿದರು; ದೇವರ ಬಗ್ಗೆ ಅವರಿಗೆ ಸಂದೇಹಗಳಿದ್ದವು, ಆದರೂ ಆ ಕ್ಷಣಕ್ಕೆ ಅವನ್ನು ಪಕ್ಕಕ್ಕಿಟ್ಟರು. ಚಿದಂಬರ ಮತ್ತೆ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು, ನಡುಗಿತು, ಆಮೇಲೆ ಮುದುಕನೊಬ್ಬ ಮನಸ್ಸಿಲ್ಲದೆ ಒಪ್ಪಿಕೊಂಡ ಹಾಗೆ ಗುರುಗುಟ್ಟತೊಡಗಿತು.

ಶೇಷಮ್ಮ ಬಾಗಿಲಲ್ಲಿ ನಿಂತು, "ಹೋಗಿ ಬನ್ನಿ ಸ್ವಾಮೀಜಿ, ಬಂದಮೇಲೆ ಹಪ್ಪಳ ಕರೀತೀನಿ," ಎಂದಳು.

ಕಾರು ಇಳಿಜಾರಿನಲ್ಲಿ ಇಳಿಯತೊಡಗಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಕೆಳಗೆಲ್ಲೋ ನದಿ. ಮಾತಾಡಬಾರದು ಎಂದು ಚಿದಂಬರ ಕೆಲವು ತಿರುವುಗಳವರೆಗೆ ತಡೆದುಕೊಂಡ.

"ಗುರುಗಳೇ, ಒಂದೇ ಮಾತು."

ಗುರುಗಳು ರಸ್ತೆ ನೋಡುತ್ತಿದ್ದರು.

"ತೆಳು ಅಂದಿರಿ, ತಪ್ಪು ತಿಳಿದೆ. ಖಾಲಿ ಅಂದಿರಿ, ಅದನ್ನೂ ತಪ್ಪು ತಿಳಿದೆ. ಆದರೆ ಮೊದಲನೆಯದು ಮುಂಜಾನೆಗೆ, ಎರಡನೆಯದು ಮಧ್ಯಾಹ್ನಕ್ಕೆ ಅಂದಿರಲ್ಲ, ರಾತ್ರಿಯೆಲ್ಲ ಅದನ್ನೇ ಮನನ ಮಾಡಿದೆ. ಈ ಉಪದೇಶ ಎದೆಗಿಳಿದಿದೆ."

ಗುರುಗಳಿಗೆ ಅವನನ್ನು ಅಲ್ಲೇ ಇಳಿಸಿಬಿಡಬೇಕು ಅನಿಸಿತು. ಆದರೆ ಅವರಿಗೆ ಕಾರು ಓಡಿಸುವ ರೂಢಿ ತಪ್ಪಿತ್ತು, ಹಲ್ಲು ಬಾಯಲ್ಲೇ ಇತ್ತು, ಪೇಟೆ ಇನ್ನೂ ದೂರವಿತ್ತು. ಕಣಿವೆಯ ಅಂಚಿನಲ್ಲಿ ಸ್ಟಿಯರಿಂಗ್ ಹಿಡಿದವನು ಧ್ಯಾನಕ್ಕೆ ಇಳಿಯುವುದು ಒಳ್ಳೆಯದಲ್ಲ.

"ಇದನ್ನು ಎಷ್ಟು ಕಾಲ ಹಿಡಿದಿಟ್ಟುಕೊಳ್ಳಲಿ, ಗುರುಗಳೇ? ಜನ್ಮವಿಡೀನಾ?"

ಗುರುಗಳು ಕೆನ್ನೆಗೆ ಕೈ ಕೊಟ್ಟು ಹೇಳಿದರು:

"ಕಪ್ಪಾಗೋವರೆಗೆ. ಆಮೇಲೆ ಚೆಲ್ಲಿ ಹೊಸದು ಹಾಕು."